‘ಮುಂದಿನ ಸರ್ವೀಸ್‌ಗೆ ನೋಡೋಣ’ ಅಂದು ಕೆಟ್ಟ ಆಕ್ಸಲ್ ಬೂಟ್

ಕಳೆದ ವರ್ಷ ಮೇ ಕೊನೆ. ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರು ಕಾರಿನ ಆಯಿಲ್ ಬದಲಾಯಿಸಲು ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಬಂದಿದ್ದರು. ಗಾಡಿ ಲಿಫ್ಟ್ ಮೇಲಿದ್ದಾಗ ಎಡಗಡೆ ಮುಂದಿನ ಚಕ್ರದ ಒಳಮೈಯಲ್ಲಿ ಕಪ್ಪು ಗ್ರೀಸ್ ಸಿಡಿದ ಚುಕ್ಕೆಗಳು ಕಂಡವು. ನೋಡಿದರೆ ಆಕ್ಸಲ್ ಬೂಟ್, ಅಂದರೆ ಚಕ್ರ ತಿರುಗಿಸುವ ಶಾಫ್ಟ್‌ನ ಜಾಯಿಂಟ್ ಮೇಲೆ ಗ್ರೀಸ್ ಹಿಡಿದಿಡುವ ಮಡಿಕೆ ಮಡಿಕೆಯ ರಬ್ಬರ್ ಚೀಲ, ಒಂದು ಮಡಿಕೆಯಲ್ಲಿ ಉಗುರಿನಷ್ಟು ಬಾಯಿ ಬಿಟ್ಟಿತ್ತು. ಹೊರಗೆ ಇನ್ನೂ ಐದು ಗಾಡಿ ಕಾಯುತ್ತಿದ್ದವು. ಶಬ್ದವೂ ಇರಲಿಲ್ಲ. ‘ಸಣ್ಣದಿದೆ ಸಾರ್, ಮುಂದಿನ ಸರ್ವೀಸ್‌ಗೆ ನೋಡೋಣ’ ಅಂದುಬಿಟ್ಟೆ.

ಅವರ ಅಕ್ಕನ ಮನೆ ಉಡುಪಿಯಲ್ಲಿ. ಆ ಮಳೆಗಾಲವೆಲ್ಲಾ ಆಗುಂಬೆ ಘಾಟಿ ಹತ್ತಿ ಇಳಿದಿದ್ದಾರೆ. ಅಲ್ಲಿ 14 ಹೇರ್‌ಪಿನ್ ತಿರುವು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೇ ಅಲ್ವಾ ಬೂಟ್‌ನ ಒಂದು ಬದಿ ಹಿಗ್ಗಿ ಬಿರುಕು ಬಾಯಿ ತೆರೆಯುವುದು? ಪ್ರತಿ ತಿರುವಿನಲ್ಲೂ ಗ್ರೀಸ್ ಹೊರಗೆ, ಕೆಸರು ನೀರು ಒಳಗೆ. ಆಗಸ್ಟ್‌ನಲ್ಲಿ ಅವರು ಗೇಟಿನೊಳಗೆ ತಿರುಗಿಸುವಾಗ ಕಟ ಕಟ ಕಟ ಅಂತ ಕೇಳಿಸಿತು. ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ.

ಜಾಯಿಂಟ್ ಬಿಚ್ಚಿದರೆ ಗ್ರೀಸ್ ಕಲಸಿದ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಬೆರಳ ನಡುವೆ ಉಜ್ಜಿದರೆ ಕರಕರ. ಜಾಯಿಂಟ್ ಒಳಗಿನ ಆರೂ ಉಕ್ಕಿನ ಬಾಲ್ ತೆಗೆದು ಒರೆಸಿದೆ. ಅವು ಉರುಳುವ ಗ್ರೂವ್‌ನಲ್ಲಿ ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಗುಳಿ. ಇಷ್ಟಾದ ಮೇಲೆ ಹೊಸ ಬೂಟ್ ಹಾಕುವುದು ದಂಡ, ಜಾಯಿಂಟೇ ಹೊಸದು ಬೇಕಾಯಿತು. ಮೇ ತಿಂಗಳಲ್ಲಾದರೆ ಒಂದು ರಬ್ಬರ್, ಎರಡು ಕ್ಲಿಪ್, ಒಂದು ಪ್ಯಾಕೆಟ್ ಗ್ರೀಸ್‌ನಲ್ಲಿ ಮುಗಿಯುತ್ತಿತ್ತು. ಕೂಲಿ ತಗೊಳ್ಳಲು ನನಗೆ ಮುಖ ಇರಲಿಲ್ಲ.

‘ಎಷ್ಟು ಕಿಲೋಮೀಟರ್‌ಗೆ ಬೂಟ್ ಬದಲಾಯಿಸಬೇಕು?’ ಅಂತ ತುಂಬಾ ಜನ ಕೇಳುತ್ತಾರೆ. ಅಂಥ ಲೆಕ್ಕ ಹಿಡಿದು ಪ್ರಯೋಜನ ಇಲ್ಲ. ರಬ್ಬರ್ ವಯಸ್ಸಿಗೆ ಒಣಗುತ್ತದೆ, ಬಿಸಿಗೆ ಗಟ್ಟಿಯಾಗುತ್ತದೆ, ಕಲ್ಲು ಬಡಿದು ಸೀಳುತ್ತದೆ. ಇಲಿ ಕಡಿದ ಬೂಟನ್ನೂ ನೋಡಿದ್ದೇನೆ. ಕಣ್ಣಲ್ಲಿ ನೋಡುವುದೊಂದೇ ದಾರಿ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಟಾರ್ಚ್ ಬಿಟ್ಟು, ಎರಡು ಹೆಬ್ಬೆರಳಲ್ಲಿ ಮಡಿಕೆ ಅಗಲಿಸಿ ನೋಡಿ. ಒಣಗಿದ ಗದ್ದೆಯ ಹಾಗೆ ಮೇಲ್ಮೇಲೆ ಸಣ್ಣ ಗೆರೆ ಇದ್ದು, ಕೈಗೆ ಏನೂ ಅಂಟದಿದ್ದರೆ ಗಾಬರಿ ಬೇಡ. ಗೆರೆ ಮಡಿಕೆಯ ತಳದವರೆಗೂ ಇಳಿದಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಾಯಿಸಿ. ಗ್ರೀಸ್ ಹೊರಗೆ ಬಂದಿದ್ದರೆ ಇದೇ ವಾರ. ಶಬ್ದ ಬರಲಿ ನೋಡೋಣ ಅಂತ ಕಾಯಬೇಡಿ. ಆ ಶಬ್ದ ಜಾಯಿಂಟ್‌ನದ್ದು, ಬೂಟ್‌ನದ್ದಲ್ಲ.

ಶಾಫ್ಟ್‌ನ ಇನ್ನೊಂದು ತುದಿಯಲ್ಲಿ, ಗೇರ್‌ಬಾಕ್ಸ್ ಕಡೆಯ ಒಳಗಿನ ಬೂಟ್ ಅಷ್ಟು ಬಾಗುವುದಿಲ್ಲ, ಹಾಗಾಗಿ ಜಾಸ್ತಿ ಬಾಳುತ್ತದೆ. ಆ ಕಡೆ ಜಾಯಿಂಟ್ ಸವೆದರೆ ಕಟಕಟ ಬದಲು ಆಕ್ಸಿಲರೇಟರ್ ಒತ್ತಿದಾಗ ಗಾಡಿ ನಡುಗುವುದೇ ಜಾಸ್ತಿ.

ಶಾಫ್ಟ್ ಬಿಚ್ಚದೆ ಗಮ್ ಹಾಕಿ ಅಂಟಿಸುವ, ಸೀಳಿಕೊಂಡೇ ಬರುವ ಹೊಸ ಬೂಟ್ ನಾನು ಹಾಕುವುದಿಲ್ಲ. ಅಂಟಿಸುವ ಜಾಗದಲ್ಲಿ ಚೂರು ಗ್ರೀಸ್ ಇದ್ದರೂ ಅದು ಕೂರುವುದಿಲ್ಲ, ನಮ್ಮ ಗ್ಯಾರೇಜಲ್ಲಿ ಗ್ರೀಸ್ ಇಲ್ಲದ ಬೆರಳು ಎಲ್ಲಿ ಸಿಗಬೇಕು! ಕ್ಲಿಪ್ ಬದಲು ಕೇಬಲ್ ಟೈ ಬಿಗಿಯುವುದಂತೂ ಬೇಡವೇ ಬೇಡ. ಗ್ರೀಸ್ ಕೂಡ ಕಿಟ್ ಜೊತೆ ಬಂದದ್ದೇ ಆಗಲಿ, ಡಬ್ಬದಲ್ಲಿರುವ ಬೇರಿಂಗ್ ಗ್ರೀಸ್ ಅಲ್ಲ.

ಅವತ್ತು ಮೇಷ್ಟ್ರು ‘ಬಲಗಡೆದು?’ ಅಂತ ಕೇಳಿದರು. ಗೆರೆಗಳಿದ್ದವು, ಆದರೆ ಗ್ರೀಸ್ ಅಂಟಿರಲಿಲ್ಲ. ಇನ್ನೊಂದು ಖರ್ಚು ಹೇರಲು ಮನಸ್ಸಾಗಲಿಲ್ಲ. ಈ ಸಲ ಬಾಯಲ್ಲಿ ಹೇಳಿ ಬಿಡಲಿಲ್ಲ. ಬಿಲ್ ಮೇಲೆ ‘ಬಲ ಬೂಟ್, ದೀಪಾವಳಿಗೆ ನೋಡುವುದು’ ಅಂತ ಬರೆದು, ನನ್ನ ಪುಸ್ತಕದಲ್ಲೂ ಅವರ ಫೋನ್ ನಂಬರ್ ಪಕ್ಕ ಬರೆದುಕೊಂಡೆ. ದೀಪಾವಳಿಗೆ ನಾನೇ ಫೋನ್ ಮಾಡಿ ಕರೆಸಿದೆ. ಒಂದು ಗೆರೆ ತಳ ಮುಟ್ಟಿತ್ತು, ಗ್ರೀಸ್ ಇನ್ನೂ ಹೊರಗೆ ಬಂದಿರಲಿಲ್ಲ. ಜಾಯಿಂಟ್ ತೊಳೆದು ನೋಡಿದರೆ ಬಾಲ್‌ಗಳು ಫಳಫಳ ಅನ್ನುತ್ತಿದ್ದವು.