ಗಾಳದ ಸಲುವಾಗಿ ಮನೆ

ಕೊಪ್ಪಳದೊಳಗ ಬಾಡಿಗೆ ಮನೆ ಹುಡುಕೋರು ಸಾಲಿ, ಬಸ್ ಸ್ಟ್ಯಾಂಡ್, ಬೋರಿನ ನೀರು ಕೇಳ್ತಾರ. ನಾನು ಕೇಳೋದು ಒಂದ: ಮೀನಿರೋ ನೀರು ಎಷ್ಟು ದೂರ?

ಆನೆಗೊಂದಿ ಮೇಲೆ ಬಾಳ ಆಸೆ ಇತ್ತು. ಬಂಡೆಗಳ ನಡುವೆ ಹರಿಯೋ ತುಂಗಭದ್ರಾ, ಫ್ಲೈ ಗಾಳಕ್ಕ (ಹುಳದಂಗ ಕಾಣೋ ಗರಿ ಕಟ್ಟಿದ ಕೊಕ್ಕಿಯಿಂದ ಮೀನು ಹಿಡಿಯೋದಕ್ಕ) ಹೇಳಿ ಮಾಡಿಸಿದ ಜಾಗ. ಆದರ ಕಂಪ್ಲಿವರೆಗಿನ ಆ ಹೊಳಿ ಪಟ್ಟಿ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ಮೀನು ಅವುಗಳ ಊಟ. ನಂದು ಬರೀ ಹುಚ್ಚು. ಬಿಟ್ಟೆ.

ಮುನಿರಾಬಾದ್‌ನಾಗ ಜಲಾಶಯ ಬಾಗಿಲಿಗೇ ಇದೆ, ರೈಲೂ ನಿಲ್ತದ. ಆದರ ಅಲ್ಲಿಯ ಮೀನುಗಾರಿಕೆ ತುಂಗಭದ್ರಾ ಮಂಡಳಿ ಕೈಯಾಗದ, ಕೇಳದ ಗಾಳ ಹಾಕೋ ಹಂಗಿಲ್ಲ. ನೀರಿನ ಭರವಸೆನೂ ಅಷ್ಟಕ್ಕಷ್ಟ: 2024ರ ಆಗಸ್ಟ್‌ನಾಗ 19ನೇ ಗೇಟು ಕೊಚ್ಚಿಹೋದಾಗ, ತುಂಬಿದ್ದ ಡ್ಯಾಮಿನ ನೀರನ್ನ ಹೊಳಿಗೆ ಬಿಡಬೇಕಾತು.

ಈಗ ಮನಸ್ಸು ಕಿನ್ನಾಳದ ಕಡೆ. ಗೊಂಬಿ ಮಾಡೋ ಊರು, ಹತ್ತಿರದಾಗ ಹಿರೇಹಳ್ಳ ಜಲಾಶಯ. ಫ್ಲೈ ಗಾಳದಾಗ ತೂಕ ಇರೋದು ದಾರದಾಗ, ಕೊಕ್ಕಿಯಾಗಲ್ಲ. ಹುಂಜದ ಕುತ್ತಿಗಿ ಗರಿ ಕಟ್ಟಿದ ಹಗೂರ ಕೊಕ್ಕಿಯನ್ನ ದಾರಾನ ಎಳಕೊಂಡು ಹೋಗ್ತದ. ದಾರ ಮೊದಲು ಹಿಂದಕ್ಕ ಪೂರಾ ಬಿಚ್ಚಿಕೊಳ್ಳಬೇಕು, ಆಮ್ಯಾಲ ಮುಂದಕ್ಕ. ಅದಕ್ಕ ಬೆನ್ನ ಹಿಂದ ಜಾಲಿ ಗಿಡ ಇದ್ರ ಕೆಲಸ ಕೆಟ್ಟಂಗ. ಜಿಲೇಬಿ ಮೀನಿಗೆ ಬಯಲು ದಂಡೆ ಸಾಕು.

ಮನೆಯಾಕಿದು ಒಂದ ಷರತ್ತು: ಮೀನು ಹೊರಗ ಸೋಸಬೇಕು. ಮುಂದಿನ ವಾರ ಕಿನ್ನಾಳಕ್ಕ ಹೋಗಿ ಅಂಗಳ ಇರೋ ಮನೆ ನೋಡಬೇಕು.