ಸಾಕಿದ ಟರ್ಕಿ ಕಾಡಿಗೆ ದಕ್ಕುವುದಿಲ್ಲ

ಬೋಸ್ಟನ್ ಹತ್ತಿರವಿರುವ ನಮ್ಮ ಅಕ್ಕನ ಮಗ ಆಗಾಗ ಕಾಡು ಟರ್ಕಿಗಳ ವಿಡಿಯೊ ಕಳುಹಿಸುತ್ತಾನೆ. ಕಾರುಗಳನ್ನು ಸಾಲಾಗಿ ನಿಲ್ಲಿಸಿ ನಿಧಾನಕ್ಕೆ ರಸ್ತೆ ದಾಟುವ, ಯಾರದೋ ಮನೆಯ ಮುಂದೆ ಗರಿ ಬಿಚ್ಚಿ ಠೀವಿ ತೋರಿಸುವ ಹಕ್ಕಿಗಳು. "ಮಾವ, ನಿಮ್ಮವನ್ನೂ ಒಂದಷ್ಟು ಮೇಲುಕೋಟೆ ಕಾಡಿಗೆ ಬಿಡಿ" ಎನ್ನುತ್ತಾನೆ. ಪಾಂಡವಪುರದ ಬಳಿ ತೋಟದಲ್ಲಿ ಟರ್ಕಿ ಸಾಕುವ ನನಗೆ ಈ ತಮಾಷೆ ಅಷ್ಟಾಗಿ ರುಚಿಸುವುದಿಲ್ಲ. ಈ ನೆಲದ್ದೇ ಅಲ್ಲದ ಹಕ್ಕಿಯನ್ನು ಇಲ್ಲಿ ಬಿಡುವ ಮಾತು ಹಾಗಿರಲಿ, ಅದರ ತವರಾದ ಅಮೆರಿಕದಲ್ಲೇ ಸಾಕಿ ಬಿಟ್ಟ ಟರ್ಕಿ ನೆಲೆ ನಿಲ್ಲಲಿಲ್ಲ.

ಅವನಿರುವ ಮ್ಯಾಸಚೂಸೆಟ್ಸ್ ರಾಜ್ಯದ ಕೊನೆಯ ಕಾಡು ಟರ್ಕಿ 1851ರಲ್ಲಿ ಬೇಟೆಗೆ ಬಲಿಯಾಯಿತು. ಕಾಡು ಕಡಿದು ಹೊಲ ಮಾಡಿದ್ದರು, ಬೇಟೆಗೆ ಹಿಡಿತವಿರಲಿಲ್ಲ. ಮುಂದೆ ಹೊಲಗಳು ಪಾಳುಬಿದ್ದು ಮರಗಳು ಮತ್ತೆ ಎದ್ದವು, ಹಕ್ಕಿ ಮಾತ್ರ ಬರಲಿಲ್ಲ. ಫಾರಂನಲ್ಲಿ ಮರಿ ಮಾಡಿಸಿ ಬಿಟ್ಟು ನೋಡಿದರು, ಮತ್ತೆ ಮತ್ತೆ ಬಿಟ್ಟರು. ಒಂದೂ ಕೈಹಿಡಿಯಲಿಲ್ಲ. ಕೊನೆಗೆ 1972-73ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾಡಿನಲ್ಲಿ ಹಿಡಿದ 37 ಕಾಡು ಟರ್ಕಿಗಳನ್ನು ತಂದು ಮ್ಯಾಸಚೂಸೆಟ್ಸ್‌ನ ಬರ್ಕ್‌ಷೈರ್ ಬೆಟ್ಟಗಳಲ್ಲಿ ಬಿಟ್ಟರು. ಇವತ್ತು ಆ ರಾಜ್ಯದಲ್ಲಿ 30,000ಕ್ಕೂ ಹೆಚ್ಚು ಟರ್ಕಿಗಳಿವೆ. ನಮ್ಮ ಹುಡುಗನ ಕಾರಿಗೆ ಅಡ್ಡ ಬರುವುದು ಅವುಗಳ ಸಂತಾನ.

ಇದರ ಕಾರಣ ನನ್ನ ಶೆಡ್ಡಿನಲ್ಲೇ ಕಾಣುತ್ತದೆ. 28 ದಿನಕ್ಕೆ ಮೊಟ್ಟೆಯೊಡೆದು ಬರುವ ಟರ್ಕಿ ಮರಿಗೆ ತಿನ್ನುವುದೂ ತಾನಾಗಿ ಬರುವುದಿಲ್ಲ. ತಟ್ಟೆ ತುಂಬ ಆಹಾರವಿದ್ದರೂ ನೋಡುತ್ತ ನಿಂತು ಹಸಿವಿನಿಂದ ಸಾಯುವ ಮರಿಗಳಿವೆ. ಅದಕ್ಕೇ ನೀರಿನ ಬಟ್ಟಲಿಗೆ ಬಣ್ಣದ ಗೋಲಿಗಳನ್ನು ಹಾಕುತ್ತೇವೆ. ಹೊಳಪು ಕಂಡು ಕುಕ್ಕಲು ಹೋಗಿ ಕೊಕ್ಕು ಒದ್ದೆಯಾದಾಗಲೇ ಅವಕ್ಕೆ ನೀರಿನ ಅರಿವಾಗುವುದು. ನನ್ನ ಹೆಂಡತಿ ಬೇಯಿಸಿದ ಮೊಟ್ಟೆಯನ್ನು ಸಣ್ಣಗೆ ಹೆಚ್ಚಿ, ತಟ್ಟೆಯನ್ನು ಬೆರಳ ತುದಿಯಿಂದ ಕುಟ್ಟುತ್ತಾಳೆ. ಕುಟ್ಟಿದ ಜಾಗವನ್ನು ಮರಿ ಕುಕ್ಕುತ್ತದೆ.

ಕಾಡಿನಲ್ಲಿ ಈ ಕೆಲಸ ತಾಯಿಯದು. ಮಿಡತೆ ಎಲ್ಲಿ ಸಿಗುತ್ತದೆ, ಹದ್ದಿನ ನೆರಳು ಬಿದ್ದರೆ ಹೇಗೆ ಅಡಗಬೇಕು, ರಾತ್ರಿ ಯಾವ ಕೊಂಬೆ ಹತ್ತಬೇಕು, ಎಲ್ಲವೂ ಅವಳ ಹಿಂದೆ ತಿರುಗಿಯೇ ಬರಬೇಕು. ನನ್ನ ಟರ್ಕಿಗಳು ಕಲಿತಿರುವುದು ಬಕೆಟ್ಟಿನ ಸದ್ದಿಗೆ ಓಡಿಬರುವುದನ್ನು. ಬೀದಿನಾಯಿ ಬಕೆಟ್ಟು ಕಚ್ಚಿಕೊಂಡು ಹೋದರೂ ಅದರ ಹಿಂದೆ ಹೋಗಿಬಿಡುತ್ತವೆ. ರೋಗದ ಮಾತು ಬೇರೆ. ನಾಟಿ ಕೋಳಿ ಓಡಾಡಿದ ನೆಲದಲ್ಲಿ ನಾನು ಟರ್ಕಿ ಬಿಡುವುದಿಲ್ಲ. ಕೋಳಿಯ ಕರುಳಿನ ಹುಳುವಿನ ಮೊಟ್ಟೆಯಲ್ಲಿ ಕೂತು ಬರುವ ಬ್ಲ್ಯಾಕ್‌ಹೆಡ್ ರೋಗ ಕೋಳಿಯನ್ನು ಅಷ್ಟಾಗಿ ಬಾಧಿಸದು, ಟರ್ಕಿಯ ಈಲಿಯನ್ನು ಹಾಳುಮಾಡಿ ಕೊಲ್ಲುತ್ತದೆ. ಫಾರಂ ಹಕ್ಕಿ ಅದನ್ನು ಹೊತ್ತು ಕಾಡಿಗೆ ಹೋದರೆ ಅಲ್ಲಿ ಉಳಿದಿರುವವಕ್ಕೂ ಕುತ್ತು.

ಹಾಗೆಂದು ಕಾಡು ಟರ್ಕಿಯನ್ನು ಹಿಡಿಯುವುದೂ ಸುಲಭವಲ್ಲ, ಅದು ಮಹಾ ಅನುಮಾನದ ಪ್ರಾಣಿ. 1950ರ ದಶಕದಲ್ಲಿ ಸಿಡಿಮದ್ದಿನ ಬಲದಿಂದ ಹಾರಿ ಬೀಳುವ ಬಲೆಯನ್ನು ಇದಕ್ಕೆ ಬಳಸತೊಡಗಿದ ಮೇಲೆ ದಾರಿ ತೆರೆಯಿತು. ಜೋಳ ಚೆಲ್ಲಿ, ದೂರದಲ್ಲಿ ಅವಿತು ಕೂತು, ಹಿಂಡು ತಲೆ ತಗ್ಗಿಸಿ ತಿನ್ನುವಾಗ ಬಲೆ ಹಾರಿಸುವುದು. ಬೇರೆ ಕಾಡಿಗೆ ಒಯ್ದು ಬಿಟ್ಟ ಮೇಲೆ ಅವುಗಳಿಗೆ ಯಾರೂ ಏನನ್ನೂ ಕಲಿಸಬೇಕಾಗಿರಲಿಲ್ಲ.

ನಮ್ಮ ಕಡೆ ಇದೇ ಪ್ರಶ್ನೆ ನವಿಲಿನ ರೂಪದಲ್ಲಿ ಬರುತ್ತದೆ. ಕಬ್ಬು ಕಡಿಯುವಾಗ ಮೊಟ್ಟೆ ಸಿಕ್ಕರೆ ತಂದು ಕಾವಿಗೆ ಕೂತ ನಾಟಿ ಹೇಂಟೆಯ ಕೆಳಗಿಟ್ಟು, ಮರಿ ದೊಡ್ಡದಾದ ಮೇಲೆ ಬಿಟ್ಟರಾಯಿತು ಎನ್ನುವ ದಯಾವಂತರಿದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಕಾಯ್ದೆ ಇಲ್ಲದಿದ್ದರೂ ನಾನು ಬೇಡವೆನ್ನುತ್ತಿದ್ದೆ. ಕೋಳಿ ಸಾಕಿದ ನವಿಲು ಅಂಗಳ ಬಿಟ್ಟು ಹೋಗುವುದಿಲ್ಲ, ಹೋದರೂ ನಾಯಿಗೆ ಹೆದರುವುದಿಲ್ಲ.

ಕಳೆದ ಆಷಾಢದಲ್ಲಿ ಪಕ್ಕದ ಗದ್ದೆಯವನಿಗೆ ಹೀಗೆ ಮೊಟ್ಟೆ ಕಂಡವು. ಗೂಡಿನ ಸುತ್ತ ಒಂದಿಷ್ಟು ಕಬ್ಬು ಬಿಟ್ಟು ಉಳಿದದ್ದನ್ನು ಕಡಿಸು ಎಂದೆ. ಕಾರ್ಖಾನೆಯ ಲಾರಿ ಬಂದು ನಿಂತಿತ್ತು, ಕಡಿಯುವ ಆಳುಗಳು ನಕ್ಕರು. ಬೈದುಕೊಂಡೇ ಬಿಟ್ಟ. ಮರಿಗಳು ಎದ್ದು ಹೋದವು, ಆ ಕಬ್ಬು ಒಣಗಿತು. ಅದರ ದುಡ್ಡನ್ನು ಈಗಲೂ ನನ್ನ ಲೆಕ್ಕಕ್ಕೇ ಬರೆದಿಟ್ಟಿದ್ದಾನೆ. ಕ್ರಿಸ್‌ಮಸ್‌ಗೆ ಒಂದು ಟರ್ಕಿ ಕೊಟ್ಟರೆ ವಜಾ ಮಾಡುತ್ತಾನಂತೆ.