ಎಂಟಡಿ ಹತ್ತಡಿ

9 ನವೆಂಬರ್ 2025, ಭಾನುವಾರ, ರಾತ್ರಿ ಹನ್ನೊಂದೂವರೆ

ಹಾಲ್‌ನಲ್ಲಿ ಪೇಪರ್ ಹಾಸಿ ಇವತ್ತಿಗೆ ನಾಲ್ಕು ದಿನ. ತೆಗೆಯೋಕೆ ಮನಸ್ಸಿಲ್ಲ, ಹಾಗೇ ಬಿಡೋಕೂ ಆಗುತ್ತಿಲ್ಲ.

ಪೇಪರ್ ಹಾಸುವ ಉಪಾಯ ಅಕ್ಕನದು. "ಅಂಗಡಿಯಲ್ಲಿ ಎಲ್ಲ ಕಾರ್ಪೆಟ್ಟೂ ದೊಡ್ಡದಾಗೇ ಕಾಣುತ್ತೆ ಕಣೇ, ಮನೆಗೆ ತಂದು ಬಿಚ್ಚಿದರೆ ಕರ್ಚೀಫು. ಮೊದಲು ಹಳೇ ಪೇಪರ್ ಅಂಟಿಸಿ ಅಷ್ಟಗಲ ಹಾಸು, ಎರಡು ದಿನ ಅದರ ಮೇಲೆ ಓಡಾಡು, ಆಮೇಲೆ ದುಡ್ಡು ಬಿಚ್ಚು" ಅಂದಿದ್ದಳು. ಅವಳು ಹೇಳಿದ್ದು ಸರಿ ಅಂತ ಒಪ್ಪಿಕೊಳ್ಳೋಕೆ ನನಗೆ ಯಾವಾಗಲೂ ಸ್ವಲ್ಪ ಹೊತ್ತು ಬೇಕು. ಈ ಸಲ ಬೇಗ ಒಪ್ಪಿದೆ. ಮೊದಲು ಐದಡಿ ಎಂಟಡಿ ಹಾಸಿದೆ. ಟೀಪಾಯಿ ಒಂದಕ್ಕೇ ಮಣೆ ಹಾಕಿ ಕೂರಿಸಿದ ಹಾಗಾಯಿತು, ಸೋಫಾ, ಕುರ್ಚಿಗಳು ಕರೆಯದೇ ಬಂದ ನೆಂಟರಂತೆ ಆಚೆ ನಿಂತವು. ಆರಡಿ ಒಂಬತ್ತಡಿಗೆ ಸೋಫಾದ ಮುಂಗಾಲು ನಾಲ್ಕು ಬೆರಳಷ್ಟರಲ್ಲಿ ತಪ್ಪಿತು. ಎಂಟಡಿ ಹತ್ತಡಿ ಮಾಡಿದ ಮೇಲೆ ನೋಡಿ, ಸೋಫಾದ ಮುಂಗಾಲು, ಎರಡೂ ಕುರ್ಚಿಗಳ ಮುಂಗಾಲು ಪೇಪರ್ ಮೇಲೆ ಬಂದವು, ಗೋಡೆ ಕಡೆ ಒಂದೊಂದೂವರೆ ಅಡಿ ನೆಲವೂ ಉಳಿಯಿತು. ಇದ್ದಕ್ಕಿದ್ದಂತೆ ಅಷ್ಟೂ ಸಾಮಾನು ಒಂದೇ ಮನೆಯವು ಅನ್ನಿಸಿದವು. ಬರೀ ಪೇಪರ್‌ಗೆ!

ಒಂಬತ್ತಡಿ ಹನ್ನೆರಡಡಿ ಆಗಿದ್ದರೆ ಹಿಂಗಾಲೂ ಮೇಲೆ ಬರುತ್ತಿತ್ತು. ಆದರೆ ಅಷ್ಟು ದೊಡ್ಡದಾದರೆ ಬಾಲ್ಕನಿ ಬಾಗಿಲು ತೆರೆಯುವ ಜಾಗಕ್ಕೇ ಬರುತ್ತೆ. ಕಾರ್ಪೆಟ್ಟಿನ ದಪ್ಪ ಹಿಡಿಯುತ್ತಾ ನೋಡೋಣ ಅಂತ ಆ ಬಾಗಿಲ ಅಡಿಯ ಸಂದಿಗೆ ಇವರು ಬೆರಳು ತೂರಿಸಲು ಹೋಗಿ ಉಗುರು ಕೀಳಿಸಿಕೊಂಡರು. ಹಾಗಾಗಿ ಎಂಟಡಿ ಹತ್ತಡಿಯೇ ಗಟ್ಟಿ ಅಂತಾಯಿತು. ಪೇಪರ್ ಅಂಚಿಗೆ ಸುತ್ತಲೂ ಟೇಪ್ ಹಾಕಿ ನೆಲಕ್ಕೆ ಅಂಟಿಸಿದೆ, ಯಾರೂ ಜಾರಬಾರದಲ್ಲ ಅಂತ. 'ಯಾರೂ' ಅಂತ ಈಗ ಬರೆಯುತ್ತಿದ್ದೇನೆ. ಅವತ್ತು ತಲೆಯಲ್ಲಿದ್ದದ್ದು ಮಗಳು ಪುಟ್ಟಿ.

ಕಾರ್ಪೆಟ್ ಯಾಕೆ ಬೇಕಿತ್ತು ಅಂದರೆ ಸದ್ದಿಗೆ. ಈ ಮನೆಗೆ ಬಂದಾಗಿನಿಂದ ಹಾಲ್‌ನಲ್ಲಿ ಮಾತಾಡಿದರೆ ಬಾವಿಯೊಳಗೆ ಮಾತಾಡಿದ ಹಾಗೆ. ಬೋಳು ನೆಲ, ಬೋಳು ಗೋಡೆ, ಸದ್ದು ಹೀರಿಕೊಳ್ಳುವುದು ಏನೂ ಇಲ್ಲ. ಪುಟ್ಟಿ ಕುರ್ಚಿ ಎಳೆದರೆ ಕೆಳಗಿನ ಮನೆಯವರು ಮಾರನೇ ದಿನ ಲಿಫ್ಟ್‌ನಲ್ಲಿ ನಗುವುದಿಲ್ಲ.

ನಿನ್ನೆ ಅಂಗಡಿಗೆ ಹೋಗಿದ್ದೆವು. ಅಪ್ಪನೂ ಬಂದರು, ಕೋಲು ಹಿಡಿದುಕೊಂಡು. ಅಲ್ಲಿ ಒಂದು ಇತ್ತು, ಮೈಯೆಲ್ಲ ಮಿರಮಿರ, ರೇಷ್ಮೆ ಸೀರೆಯ ಸೆರಗು ನೆಲಕ್ಕೆ ಬಿದ್ದ ಹಾಗೆ. ಒಂದು ಕಡೆ ನಿಂತರೆ ತಿಳಿ ಬೂದು, ಎದುರು ಕಡೆ ಹೋಗಿ ನಿಂತರೆ ಮಳೆ ಮೋಡ. ಕುಳಿತಲ್ಲೇ ಕೈಯಾಡಿಸಿದೆ: ಹೀಗೆ ಸವರಿದರೆ ಬೆಳ್ಳಗೆ, ಹಾಗೆ ಸವರಿದರೆ ಕಪ್ಪಗೆ. ಎಳೆಗಳೆಲ್ಲ ಒಂದೇ ಕಡೆ ವಾಲಿಕೊಂಡಿರುತ್ತವಂತೆ, ಬೆಕ್ಕಿನ ಬೆನ್ನಿನ ಕೂದಲಿನ ಹಾಗೆ. "ಆರ್ಟ್ ಸಿಲ್ಕ್ ಮೇಡಂ" ಅಂದ ಹುಡುಗ. ಆರ್ಟ್ ಅಂದರೆ ಕಲೆ ಅಲ್ಲ, ಆರ್ಟಿಫಿಶಿಯಲ್. ಅಂದರೆ ಹೆಚ್ಚಾಗಿ ವಿಸ್ಕೋಸು, ಮರದ ತಿರುಳಿನಿಂದ ಮಾಡಿದ ನೂಲು. ಅದಕ್ಕೆ ಬೇರೆ ಏನೂ ಚೆಲ್ಲಬೇಕಿಲ್ಲ, ಬರೀ ನೀರು ಬಿದ್ದರೂ ಹಳದಿ ಕಲೆ ಕೂರಬಹುದು. ಒಂಬತ್ತು ವರ್ಷದ ಮಗಳಿರುವ ಮನೆಗೆ ನೀರು ಕಂಡರಾಗದ ಕಾರ್ಪೆಟ್! ಆದರೂ ಐದು ನಿಮಿಷ ಅದರ ಮೇಲೇ ಕೂತಿದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಆ ಹುಡುಗ ಉಣ್ಣೆಯದು ಬಿಡಿಸಿದ. ಗಾಢ ಕೆಂಪು, ನಡುವೆ ಹೂವು, ತುದಿಗೆ ಕುಚ್ಚು. "ಪೂರ್ತಿ ಹ್ಯಾಂಡ್‌ಮೇಡ್ ಸರ್." ಇವರಿಗೆ ಇಷ್ಟವಾಗಿಬಿಟ್ಟಿತು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅಪ್ಪ ಕೋಲನ್ನು ನನ್ನ ಕೈಗೆ ಕೊಟ್ಟು, ಕುರ್ಚಿಯ ಬೆನ್ನು ಹಿಡಿದು ಬಗ್ಗಿ, ಒಂದು ಮೂಲೆಯನ್ನು ಮಡಚಿ ತಿರುವಿ ಹಾಕಿದರು. ಅಪ್ಪ ಬಟ್ಟೆಯನ್ನು ಯಾವತ್ತೂ ಮುಂದುಗಡೆಯಿಂದ ನೋಡಿದವರಲ್ಲ. ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದವರು. ನಾನು ಹೊಸ ಫ್ರಾಕ್ ಹಾಕಿಕೊಂಡು ಎದುರು ನಿಂತರೂ ಚೆನ್ನಾಗಿದೆ ಅನ್ನುವ ಮೊದಲು ಅಂಚು ತಿರುವಿ ಹೊಲಿಗೆ ನೋಡುತ್ತಿದ್ದರು.

ಹಿಂದುಗಡೆ ಒರಟು ಬಟ್ಟೆ ಅಂಟಿಸಿತ್ತು. ಅಪ್ಪ ಅದನ್ನು ಹೆಬ್ಬೆರಳಲ್ಲಿ ತಿಕ್ಕಿ ಕೇಳಿದರು, "ಇದಕ್ಯಾಕಪ್ಪ ಲೈನಿಂಗು? ಏನು ಮುಚ್ಚೋಕೆ?"

ಹುಡುಗ ನಕ್ಕ. ಮುಚ್ಚೋದು ಅಂಟನ್ನು. ಬಿಗಿದ ಬಟ್ಟೆಗೆ ಗನ್ ಹಿಡಿದು ಎಳೆ ಚುಚ್ಚುತ್ತಾ ಹೋಗುತ್ತಾರೆ, ಬಿಚ್ಚಿಹೋಗದಿರಲಿ ಅಂತ ಹಿಂದೆ ಲೇಟೆಕ್ಸ್ ಬಳಿಯುತ್ತಾರೆ, ಅದು ಕಾಣದಿರಲಿ ಅಂತ ಮೇಲೊಂದು ಬಟ್ಟೆ. ಟಫ್ಟೆಡ್ ಅಂತಾರೆ. ಗನ್ ಹಿಡಿದದ್ದು ಕೈಯೇ ಆದ್ದರಿಂದ ಹ್ಯಾಂಡ್‌ಮೇಡ್ ಅನ್ನೋದು ಸುಳ್ಳೇನಲ್ಲ. ಆದರೆ ವರ್ಷ ಕಳೆದ ಹಾಗೆ ಆ ಅಂಟು ಒಣಗಿ, ಪುಡಿಪುಡಿಯಾಗಿ ಕೆಳಗೆ ಉದುರುತ್ತೆ. ಗಂಟು ಹಾಕಿ ನೇಯ್ದದ್ದಾದರೆ ಬೆನ್ನಿಗೆ ಮುಚ್ಚುಮರೆ ಬೇಕಿಲ್ಲ, ಎದುರಿಗಿರುವ ಹೂವೇ ಹಿಂದೆಯೂ ಕಾಣುತ್ತೆ. ಕುಚ್ಚಂತೂ ನೇಯ್ಗೆಯ ಉದ್ದ ನೂಲಿನದೇ ತುದಿ, ಬೇರೆ ತಂದು ಸೇರಿಸಿದ್ದಲ್ಲ. ಇದರ ಕುಚ್ಚನ್ನು ಅಪ್ಪ ಎತ್ತಿ ತೋರಿಸಿದರು, ಸೀರೆಗೆ ಫಾಲ್ ಹಚ್ಚಿದ ಹಾಗೆ ಮಿಷನ್ ಹೊಲಿಗೆ. "ಟಾಕಿ ಉದ್ದ ಆಯ್ತು" ಅಂತ ಒಂದು ತೀರ್ಪು ಬೇರೆ. ನನಗೆ ನಗು ತಡೆಯಲಾಗಲಿಲ್ಲ. ಇವರ ಮುಖ ಮಾತ್ರ ಇಳಿದಿತ್ತು.

ಗಂಟಿನದರ ಬೆಲೆ ಕೇಳಿ ನಾವು ಮೂವರೂ ಒಟ್ಟಿಗೇ ಎದ್ದೆವು.

ಸಂಜೆ ಪುಟ್ಟಿ ಎಲ್ಲಿಂದಲೋ ಒಂದು ಫೋಟೋ ಹುಡುಕಿ ತಂದಳು. ಪಾಜಿರಿಕ್ ಕಾರ್ಪೆಟ್ ಅಂತೆ. ಸೈಬೀರಿಯಾದ ಅಲ್ತಾಯ್ ಬೆಟ್ಟಗಳಲ್ಲಿ ಒಂದು ಸಮಾಧಿ, ಅದರೊಳಗೆ ನೀರು ನುಗ್ಗಿ ಹೆಪ್ಪುಗಟ್ಟಿ, ಆ ಮಂಜುಗಡ್ಡೆಯೊಳಗೆ ಎರಡು ಸಾವಿರ ವರ್ಷಕ್ಕೂ ಮೇಲೆ ಹಾಗೇ ಇತ್ತಂತೆ. 1949ರಲ್ಲಿ ಸಿಕ್ಕಿದ್ದು, ಈಗ ರಷ್ಯಾದ ಹರ್ಮಿಟಾಜ್ ಮ್ಯೂಸಿಯಂನಲ್ಲಿದೆ. ಗಂಟು ಹಾಕಿ ಮಾಡಿದ ಕಾರ್ಪೆಟ್‌ಗಳಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದುಕೊಂಡಿರುವವುಗಳ ಪೈಕಿ ಅದಕ್ಕಿಂತ ಹಳೆಯದು ಸಿಕ್ಕಿಲ್ಲ. ಅಂಚಿನ ಸುತ್ತ ಕುದುರೆ ಸವಾರರು, ಅದರೊಳಗೆ ಜಿಂಕೆಗಳ ಸಾಲು. ತಾತನ ತೊಡೆಯ ಮೇಲೆ ಫೋನ್ ಇಟ್ಟು ದೊಡ್ಡದು ಮಾಡಿ ಮಾಡಿ ತೋರಿಸಿದಳು. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಎಷ್ಟಗಲ?" ಅಂದರು. 183 ಸೆಂಟಿಮೀಟರ್‌ಗೆ 200. ಅಂದರೆ ಹತ್ತಿರ ಹತ್ತಿರ ಆರಡಿಗೆ ಆರೂವರೆ. "ನಮ್ಮ ಸೋಫಾಕ್ಕೆ ಸಾಲಲ್ಲ ಬಿಡು" ಅಂದುಬಿಟ್ಟರು.

ಇವತ್ತು ಮಧ್ಯಾಹ್ನದ ಮಾತು ಬರೆಯಬೇಕು ಅಂತಲೇ ಕೂತದ್ದು, ಎಲ್ಲೆಲ್ಲೋ ಹೋದೆ.

ಅಪ್ಪನ ರೂಮಿನಿಂದ ಬಚ್ಚಲಿಗೆ ಹಾಲ್ ದಾಟಿ ನೇರ ನಡೆದರೆ ಹದಿನಾಲ್ಕು ಹೆಜ್ಜೆ. ಈ ನಾಲ್ಕು ದಿನದಿಂದ ಅಪ್ಪ ಪೇಪರ್ ಮೇಲೆ ಕಾಲಿಟ್ಟಿಲ್ಲ. ಸೋಫಾದ ಹಿಂದೆ ಗೋಡೆ ಸವರಿಕೊಂಡು ಸುತ್ತಿ ಹೋಗುತ್ತಿದ್ದಾರೆ. ಹರಿಯದಿರಲಿ ಅಂತ ಇರಬೇಕು ಅಂದುಕೊಂಡಿದ್ದೆ. ಇವತ್ತು ಸುಮ್ಮನೆ ಕೇಳಿದೆ.

"ಯಾಕಪ್ಪ ಸುತ್ತಾಕ್ಕೊಂಡು ಹೋಗ್ತೀರಿ? ಪೇಪರ್ ತಾನೇ, ಹರಿದ್ರೆ ಹರೀಲಿ ಬಿಡಿ."

"ರೂಢಿ ಮಾಡ್ಕೊತಿದೀನಿ."

"ಏನು ರೂಢಿ?"

"ಕಾರ್ಪೆಟ್ ಬಂದ್ಮೇಲೆ ಹೆಂಗಿದ್ರೂ ಸುತ್ತಿಯೇ ಹೋಗ್ಬೇಕಲ್ಲಮ್ಮ."

ತುಂಬಾ ಸಾಧಾರಣವಾಗಿ ಅಂದರು, ನಾಳೆ ಸೋಮವಾರ ಅನ್ನುವಷ್ಟು ಸಾಧಾರಣವಾಗಿ. ನಾನು ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಿ ಅಲ್ಲೇ ಕೂತೆ.

"ಎಡಗಾಲು ಎಷ್ಟು ಎತ್ತಿದೀನಿ ಅಂತ ನಂಗೇ ಗೊತ್ತಾಗಲ್ಲ. ಎತ್ತಿದೀನಿ ಅಂತಲೇ ಅಂದ್ಕೊಂಡಿರ್ತೀನಿ. ಹೊಸ್ತಿಲಾದ್ರೆ ಕಣ್ಣಿಗೆ ಕಾಣುತ್ತೆ, ನೋಡ್ಕೊಂಡು ದಾಟ್ತೀನಿ. ಇದು ಮೆತ್ತಗೆ ಮಲ್ಕೊಂಡಿರುತ್ತೆ."

"ಮೊದಲೇ ಹೇಳ್ಬಾರ್ದಾ?"

"ಹೇಳಿದ್ರೆ ಬೇಡ ಅಂತೀಯ."

"ಬೇಡಾನೇ. ಅಲ್ಲದೆ ನಂಗೆ ಆ ಬಣ್ಣ ಅಷ್ಟೇನೂ ಹಿಡಿಸ್ಲಿಲ್ಲ."

"ಯಾವ ಬಣ್ಣ?"

ಬಾಯಿಗೆ ಒಂದು ಬಣ್ಣವೂ ಬರಲಿಲ್ಲ. ಅಪ್ಪ ನಕ್ಕರು. ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತೆ ಅಂತ ಅಮ್ಮ ಹೇಳುತ್ತಿದ್ದಳು, ಅದನ್ನೇ ನೋಡಿದರೋ ಏನೋ.

ನನಗೆ ನನ್ನ ಮೇಲೇ ಸಿಟ್ಟು. ಮಾರ್ಚ್‌ನಲ್ಲಿ ಅಪ್ಪನನ್ನು ಆಸ್ಪತ್ರೆಯಿಂದ ಕರೆತಂದಾಗ, ಫಿಸಿಯೋಥೆರಪಿಗೆ ಬಂದ ಹುಡುಗಿ ಮೊದಲ ದಿನ ಕಾಲು ಮುಟ್ಟುವ ಮೊದಲೇ ನೆಲ ನೋಡಿದ್ದಳು. "ಈ ಮ್ಯಾಟ್‌ಗಳನ್ನೆಲ್ಲ ಎತ್ತಿಡಿ" ಅಂದಿದ್ದಳು. ನಾನೇ ಎತ್ತಿಟ್ಟೆ. ಬಚ್ಚಲ ಬಾಗಿಲದು, ಅಡುಗೆಮನೆಯದು, ಎಲ್ಲ ಸುತ್ತಿ ಅಟ್ಟಕ್ಕೆ ಹಾಕಿದೆ. ಎಂಟು ತಿಂಗಳಾಗಿಲ್ಲ, ಈಗ ಅದೇ ಕೈಯಲ್ಲಿ ಎಂಬತ್ತು ಚದರಡಿ ಹಾಸೋಕೆ ಹೊರಟವಳು ನಾನೇ. ಮಗಳು ಜಾರಿಯಾಳು ಅಂತ ಟೇಪ್ ಹಾಕಿದ ಜಾಣೆ.

ಅಪ್ಪ ಸುಮ್ಮನಿರಲಿಲ್ಲ. ಪುಟ್ಟಿಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಚಿತ್ರ ಬರೆದರು, ಕೈ ನಡುಗಿದರೂ ಗೆರೆ ನೇರ. ಎಳೆ ನಿಲ್ಲಿಸಿದ್ದು ಬೇಡ, ಜಮಖಾನೆಯ ಥರ ಚಪ್ಪಟೆ ನೇಯ್ಗೆ, ಹತ್ತಿಯದು. ಆದರೆ ತೆಳ್ಳಗಿದ್ದಷ್ಟೂ ಜಾರುತ್ತೆ, ಮುದುರುತ್ತೆ. ಮುದುರಿದ್ದು ದಪ್ಪ ಅಂಚಿಗಿಂತ ಕೆಟ್ಟದ್ದು. ಅದಕ್ಕೆ ಕೆಳಗೆ ರಬ್ಬರಿನ ತೆಳು ಪ್ಯಾಡು. ಪ್ಯಾಡ್ ಸುತ್ತಲೂ ಒಂದಿಂಚು ಒಳಗೇ ನಿಲ್ಲಬೇಕು, ಆಗ ಕಾರ್ಪೆಟ್ಟಿನ ಅಂಚು ನೆಲಕ್ಕೆ ಬಾಗಿ ಕೂರುತ್ತೆ. (ಪ್ಯಾಡ್ ಅಗ್ಗದ ಪಿವಿಸಿಯದಾದರೆ ನೆಲಕ್ಕೇ ಕಲೆ ಹಿಡಿಯಬಹುದು, ಅದು ನನ್ನ ಸೇರ್ಪಡೆ.) ಉದ್ದದ ಒಂದು ಅಂಚು ಸೋಫಾದ ಅಡಿಗೆ ಹೋಗುತ್ತೆ, ಉಳಿದ ಕಡೆ ಡಬಲ್ ಟೇಪು. ಕುಚ್ಚು ಬೇಡವೇ ಬೇಡ. ಕೊನೆಗೆ ಅಂಚಿನುದ್ದಕ್ಕೂ ಎರಡು ಗೆರೆ ಎಳೆದು ನಡುವೆ ಪೆನ್ನಿಂದ ಕಪ್ಪು ತುಂಬಿದರು.

"ಇಲ್ಲಿ ಬೇರೆ ಬಣ್ಣದ ಪಟ್ಟಿ. ಗಾಢವಾಗಿರ್ಲಿ. ಎಲ್ಲಿ ಶುರುವಾಗುತ್ತೆ ಅಂತ ಕಂಡ್ರೆ ಸಾಕು ನಂಗೆ. ಪಟ್ಟಿ ನಾನೇ ಹಚ್ಚಿಕೊಡ್ತೀನಿ."

"ಅಷ್ಟುದ್ದ ಮಿಷನ್ ತುಳೀತೀರಾ ಈ ಕಾಲಲ್ಲಿ?"

"ಬಲಗಾಲು ಏನು ಮಾಡ್ತಿದೆ?"

ಎಂಟು ಎಂಟು ಹದಿನಾರು, ಹತ್ತು ಹತ್ತು ಇಪ್ಪತ್ತು, ಒಟ್ಟು ಮೂವತ್ತಾರು ಅಡಿ. ಅಪ್ಪ ಆಗಲೇ ಲೆಕ್ಕ ಹಾಕಿ, ಮೂಲೆಗೆ ಮಡಚೋಕೆ ಅಂತ ಸೇರಿಸಿ ಮೂವತ್ತೇಳು ಅಂತ ಬರೆದಿದ್ದರು.

ಅಂದರೆ ಆಯಿತಲ್ಲ, ದಾರಿ ಸಿಕ್ಕಿತು ಅಂತ ಇವರು ಖುಷಿಯಾಗಿ ಮಲಗಿದರು. ನನಗೆ ನಿದ್ದೆ ಬಂದಿಲ್ಲ. ಯಾರಿಗೂ ಹೇಳದ ಇನ್ನೊಂದು ವಿಷಯ ಇದೆ.

ಅಪ್ಪ ರಾತ್ರಿ ಎರಡು ಸಲ ಏಳುತ್ತಾರೆ. ಎಬ್ಬಿಸಿ ಅಂದರೆ ಎಬ್ಬಿಸುವವರಲ್ಲ. ಮಾರ್ಚ್‌ನಿಂದ ನಾನು ಮಲಗುವುದೇ ಆ ಸದ್ದಿನ ಮೇಲೆ. ಟಕ್, ಸರ್ರ್. ಟಕ್, ಸರ್ರ್. ಕೋಲು, ಆಮೇಲೆ ಕಾಲು. ಎಚ್ಚರವಾಗದೇ ಎಣಿಸುತ್ತೇನೆ, ಹದಿನಾಲ್ಕಕ್ಕೆ ಬಚ್ಚಲ ದೀಪದ ಸ್ವಿಚ್. ಎಣಿಕೆ ತಪ್ಪಿದರೆ ಮಾತ್ರ ಕಣ್ಣು ಬಿಡುತ್ತೆ. ಈ ನಾಲ್ಕು ರಾತ್ರಿ ಇಪ್ಪತ್ತಮೂರು ಆಗುತ್ತಿತ್ತು, ನಿದ್ದೆಗಣ್ಣಲ್ಲಿ ಯಾಕೆ ಅಂತ ಹೊಳೆದಿರಲಿಲ್ಲ. ಹಾಲ್‌ನ ಸದ್ದು ಹೀರಿಕೊಳ್ಳಲಿ ಅಂತಲ್ಲವೇ ಕಾರ್ಪೆಟ್? ಹೀರಿಕೊಂಡರೆ ಇದನ್ನೂ ಹೀರಿಕೊಳ್ಳುತ್ತೆ. ಚಪ್ಪಟೆ ನೇಯ್ಗೆ ಅಷ್ಟೇನೂ ಹೀರಲಿಕ್ಕಿಲ್ಲ. ಆದರೂ ನಡುವೆ ಒಂದೆಂಟು ಹೆಜ್ಜೆ

ಅಪ್ಪನ ಮಂಚ ಕಿರುಗುಟ್ಟಿತು. ಎದ್ದರು.

ಟಕ್, ಸರ್ರ್. ಮೂರು. ನಾಲ್ಕು. ಇಷ್ಟು ಹೊತ್ತಿಗೆ ಗೋಡೆ ಕಡೆಗೆ ತಿರುಗಬೇಕು. ತಿರುಗಲಿಲ್ಲ. ಪೇಪರ್ ಸರಬರ ಅಂತು. ನಿಂತರು. ಮತ್ತೆ ಸರಬರ. ಹಿಂದಕ್ಕೆ ಬಂದರಾ? ಮತ್ತೆ ಅದೇ ಅಂಚು, ಮತ್ತೆ ಕಾಲು ಎತ್ತಿ... ಹೋಗಿ ಲೈಟ್ ಹಾಕಲಾ, ಬೇಡವಾ, ಹಾಕಿದರೆ ನಾಚಿಕೊಂಡು ನಿಲ್ಲಿಸಿಬಿಡುತ್ತಾರೆ, ಹಾಕದಿದ್ದರೆ